ಅಪ್ಪ ತಳ್ಳಿದ ಸೈಕಲ್ಲು

ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮಗನ ಮದುವೆ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹುಡುಗ ನನ್ನ ಹತ್ತಿರವೇ ಅಕ್ಷರ ತಿದ್ದಿದವನು. ಈಗ ಬೆಂಗಳೂರಿನಲ್ಲಿ ಇಂಜಿನಿಯರು. ನಾನು ಬಿಳಿ ಪಂಚೆ ಉಟ್ಟು, ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು, ಮುಯ್ಯಿ ಕವರು ಜೇಬಿನಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ಹೋದೆ. ನಮ್ಮೂರಿಂದ ಹದಿಮೂರು ಕಿಲೋಮೀಟರು. ಮಂಟಪದ ಗೇಟಿನಲ್ಲಿ ಕಾವಲಿನವನು ಸೀಟಿ ಊದುತ್ತಾ ಕಾರುಗಳಿಗೆ ಜಾಗ ತೋರಿಸುತ್ತಿದ್ದ. ನನ್ನನ್ನು ಕಂಡವನೇ ಕೈ ಅಡ್ಡ ಹಿಡಿದ.

"ಅಡುಗೆಯೋರು ಹಿಂದ್ಗಡೆ ಬಾಗ್ಲಿಂದ ಬರ್ಬೇಕು, ಯಜಮಾನ್ರೆ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನೂ ಹೊಟ್ಟೆಪಾಡಿಗೆ ನಿಂತವನು. ಅವತ್ತು ಆ ಗೇಟಿನಿಂದ ಸೈಕಲ್ಲಿನಲ್ಲಿ ಒಳಗೆ ಬಂದ ನೆಂಟ ನಾನೊಬ್ಬನೇ ಇದ್ದಿರಬೇಕು. ಆದರೆ ಒಳಗಿಂದ ಓಡಿ ಬಂದ ಮದುವೆ ಗಂಡಿನ ತಮ್ಮ ಹೇಳಿದ ಮಾತು ಎದೆಯಲ್ಲಿ ಕೂತುಬಿಟ್ಟಿತು. "ಏನ್ ಮಾವ ನೀನು? ಹೆಡ್‌ಮೇಷ್ಟ್ರಾಗಿ ರಿಟೈರಾಗಿದೀಯ. ಪಿಂಚಣಿ ಬತ್ತದೆ. ಹೆಣ್ಣಿನ ಕಡೆಯೋರ ಮುಂದೆ ನಮ್ ಮಾನ ಕಳೀಬೇಡ. ಒಂದು ಫೋನ್ ಮಾಡಿದ್ರೆ ಕಾರ್ ಕಳಿಸ್ತಿರ್ಲಿಲ್ವಾ?"

ಊಟ ಮಾಡಿದೆ. ಮುಯ್ಯಿ ಕೊಟ್ಟೆ. ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನಮ್ಮ ಹುಡುಗರಿಗೆ ನನ್ನ ಸೈಕಲ್ಲು ಯಾಕೆ ನಾಚಿಕೆಯಾಗಿ ಕಾಣುತ್ತದೆ? ನಾನು ಯಾಕೆ ಅದನ್ನು ಬಿಡುತ್ತಿಲ್ಲ? ಅವರಿಗೆ ಒಂದು ಉತ್ತರ ಕೊಡಬೇಕಾದ ಸಾಲ ನನ್ನ ಮೇಲಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಪ್ಪ ರಸ್ತೆ ಗ್ಯಾಂಗಿನ ಕೂಲಿ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಮದ್ದೂರಿನಿಂದ ಮಂಡ್ಯದ ಕಡೆಗೆ ಜಲ್ಲಿ ಹರಡುವುದು, ಟಾರು ಕಾಯಿಸಿ ಸುರಿಯುವುದು, ಮಳೆಗಾಲದಲ್ಲಿ ಗುಂಡಿ ಮುಚ್ಚುವುದು ಅವನ ಕೆಲಸ. ಕಾಲಿಗೆ ಗೋಣಿತಾಟು ಸುತ್ತಿಕೊಂಡು ಬಿಸಿ ಟಾರಿನ ಮೇಲೆ ನಡೆಯುತ್ತಿದ್ದ. ಅವನ ಅಂಗಾಲಿನ ಕಪ್ಪು ಸಾಯುವತನಕ ಹೋಗಲಿಲ್ಲ. ಅವ್ವ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದಳು.

1974ರಲ್ಲಿ ಅಪ್ಪ ಒಂದು ಹಳೆ ಸೈಕಲ್ಲು ಕೊಂಡ. ಮದ್ದೂರಿನ ಸೈಕಲ್ ಷಾಪಿನಲ್ಲಿ ಬಾಡಿಗೆಗೆ ಓಡಿ ಓಡಿ ಸವೆದದ್ದು. ಬ್ರೇಕು ಒಂದೇ ಕಡೆ ಹಿಡಿಯುತ್ತಿತ್ತು, ಸೀಟಿನ ತೊಗಲು ಹರಿದಿತ್ತು. ನಮ್ಮ ಕೇರಿಗೆ ಬಂದ ಮೊದಲ ಸೈಕಲ್ಲು ಅದು. ನಾನು ಆಗ ಏಳನೇ ಕ್ಲಾಸು. ಅವ್ವ ಹ್ಯಾಂಡಲಿಗೆ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟಳು. ಹುಡುಗರೆಲ್ಲ ಬೆಲ್ಲು ಹೊಡೆದೂ ಹೊಡೆದೂ ಅದರ ಕಿವಿ ಕಿತ್ತುಬಿಟ್ಟೆವು.

ಆದರೆ ಕೇರಿಯಿಂದ ದೊಡ್ಡ ರಸ್ತೆಗೆ ಹೋಗಬೇಕಾದರೆ ಊರೊಳಗಿನ ಬೀದಿ ದಾಟಬೇಕು. ಮಾರನೇ ದಿನ ಬೆಳಿಗ್ಗೆ ಅಪ್ಪ ಸೈಕಲ್ ಹತ್ತಿ ಹೊರಟ. ಹಿಂದಿನ ಕ್ಯಾರಿಯರಿನಲ್ಲಿ ನಾನು. ಅರಳಿಕಟ್ಟೆಯ ತಿರುವಿನಲ್ಲಿ, ಜಗಲಿ ಮೇಲೆ ಹಲ್ಲುಜ್ಜುತ್ತಾ ಕೂತಿದ್ದವರೊಬ್ಬರು ಕಡ್ಡಿ ಬಾಯಿಂದ ತೆಗೆಯದೇ ಅಂದರು: "ಯಾರ್ಲಾ ಅದು? ಇಳ್ಕಂಡು ಹೋಗಾಕೆ ಏನ್ಲಾ ಆಗೈತೆ ರೋಗ?"

ಅಪ್ಪ ಇಳಿದ. "ತಪ್ಪಾಯ್ತು ಬುದ್ಧಿ" ಅಂದ. ನನ್ನನ್ನೂ ಇಳಿಸಿದ. ಬೀದಿಯ ಕೊನೆಯವರೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋದ. ಎಡಗೈಯಲ್ಲಿ ಹ್ಯಾಂಡಲು, ಬಲಗೈಯಲ್ಲಿ ಕಂಕುಳಿಗೆ ಸೇರಿದ ಟವಲು. ಅದಾದಮೇಲೆ ಯಾರೂ ಹೇಳಬೇಕಾಗಲಿಲ್ಲ. ದಿನಾ ಬೆಳಿಗ್ಗೆ ಕಟ್ಟೆಯ ಹತ್ತಿರ ಇಳಿಯುತ್ತಿದ್ದ, ಸಂಜೆ ಊರ ಬಾಗಿಲಲ್ಲಿ ಇಳಿಯುತ್ತಿದ್ದ. ಸರ್ಕಾರದ ರಸ್ತೆಯನ್ನು ಕೈಯಾರೆ ಮಾಡಿದವನು ತನ್ನ ಊರಿನ ಬೀದಿಯಲ್ಲಿ ತನ್ನ ದುಡ್ಡಿನ ಸೈಕಲ್ಲನ್ನು ಕರುವಿನ ಹಾಗೆ ಹಿಡಿದುಕೊಂಡು ನಡೆದ.

1980ರಲ್ಲಿ ನಾನು ಮಂಡ್ಯದ ಹಾಸ್ಟೆಲಿನಲ್ಲಿದ್ದೆ. ದಲಿತ ಸಂಘರ್ಷ ಸಮಿತಿಯ ಅಣ್ಣಂದಿರು ರಾತ್ರಿ ಹೊತ್ತು ಬಂದು ಮಾತಾಡುತ್ತಿದ್ದರು. ಅವರೂ ಸೈಕಲ್ಲಿನಲ್ಲೇ ಬರುತ್ತಿದ್ದರು. ಕ್ಯಾರಿಯರಿನಲ್ಲಿ ಕರಪತ್ರದ ಕಟ್ಟು, ಹ್ಯಾಂಡಲಿನಲ್ಲಿ ಮೈದಾ ಅಂಟಿನ ಡಬ್ಬ. ಅವರ ಮಾತು ಕೇಳಿದ ಕಾವಿನಲ್ಲಿ, ರಜಕ್ಕೆ ಊರಿಗೆ ಬಂದವನು ಅಪ್ಪನ ಸೈಕಲ್ಲು ತೆಗೆದುಕೊಂಡು ಊರ ಬೀದಿಯಲ್ಲಿ ಒಂದು ಸಂಜೆ ಇಳಿಯದೇ ಹೋದೆ. ಹಿಂದಿನಿಂದ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ಆ ರಾತ್ರಿ ಎರಡು ಟೈರನ್ನೂ ಯಾರೋ ಕುಯ್ದು ಹಾಕಿದರು. ಕೇರಿಯ ಹೆಂಗಸರನ್ನು ಹದಿನೈದು ದಿನ ನಾಟಿ ಕೆಲಸಕ್ಕೆ ಕರೆಯಲಿಲ್ಲ. ಅಪ್ಪ ನನ್ನ ಕೆನ್ನೆಗೆ ಹೊಡೆದ. "ನೀನು ಮಂಡ್ಯಕ್ಕೆ ಹೋಯ್ತೀಯ. ಇಲ್ಲಿ ಗಂಜಿ ಕಾಯಿಸ್ಬೇಕಾದೋರು ಯಾರ್ಲಾ?" ಅಂದ. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಆಮೇಲೆ ಕೇರಿಯ ನಾಲ್ಕು ಹುಡುಗರು ಸೇರಿದೆವು. ಸಂಘದವರು ಬಂದು ಸಭೆ ಮಾಡಿದರು, ಪೊಲೀಸಿನವರೂ ಬಂದು ಹೋದರು. ನಿಧಾನಕ್ಕೆ ಆ ಬೀದಿಯಲ್ಲಿ ಇಳಿ ಅನ್ನುವ ಬಾಯಿಗಳು ಮುಚ್ಚಿದವು.

ಆದರೆ ಅಪ್ಪ 1996ರಲ್ಲಿ ಸಾಯುವವರೆಗೂ ಆ ತಿರುವಿನಲ್ಲಿ ಇಳಿಯುತ್ತಲೇ ಇದ್ದ. "ಈಗ ಯಾರೂ ಏನೂ ಅನ್ನಲ್ಲ ಕಣಪ್ಪ, ಕೂತ್ಕಂಡೇ ಬಾ" ಅಂತ ನಾನು ಎಷ್ಟು ಸಲ ಹೇಳಿದೆನೋ. ಅವನು ಒಂದೇ ಮಾತು ಹೇಳುತ್ತಿದ್ದ. "ನಾನ್ ಇಳೀಬೇಕು ಅಂತ ಇಳಿಯಲ್ಲ ಕಣ್ಲಾ. ಕಾಲೇ ಇಳೀತದೆ."

ಗೆಳೆಯರೇ, ಈ ದೇಶದಲ್ಲಿ ಬಂಡಿ ಬರೀ ಬಂಡಿಯಾಗಿ ಯಾವತ್ತೂ ಇರಲಿಲ್ಲ. 1893ರಲ್ಲಿ ತಿರುವಾಂಕೂರಿನ ಅಯ್ಯಂಕಾಳಿಯವರು ಅಲಂಕಾರ ಮಾಡಿದ ಎತ್ತಿನ ಗಾಡಿ ಹತ್ತಿ ಸಾರ್ವಜನಿಕ ರಸ್ತೆಗೆ ಇಳಿದದ್ದೇ ಒಂದು ಬಂಡಾಯವಾಯಿತು. 1901ರಲ್ಲಿ ಬಾಲಕ ಅಂಬೇಡ್ಕರ್ ಅಪ್ಪನನ್ನು ನೋಡಲು ಹೊರಟು ಮಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದಾಗ, ಮಹಾರರ ಮಕ್ಕಳೆಂದು ತಿಳಿದು ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಾಲು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ ಅನ್ನುವ ಕರಾರಿನ ಮೇಲೆ. ಬಾಬಾಸಾಹೇಬರು ಇದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಾವೇ ಬರೆದಿದ್ದಾರೆ.

ಇದು ಗೊತ್ತಿರುವುದರಿಂದಲೇ ಕಾರು ಕೊಂಡ ನಮ್ಮ ಹುಡುಗರನ್ನು ನಾನು ಹಂಗಿಸುವುದಿಲ್ಲ. 2015ರಲ್ಲಿ ನನ್ನ ಮಗ ಕಾರು ಕೊಂಡ. ಮೊದಲ ದಿನವೇ ಅವನ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಎರಡೂ ಕಡೆ ಗಾಜು ಇಳಿಸಿ, ಊರ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿಸಿದ. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು. ಯಾರನ್ನೂ ನೋಡಲಿಲ್ಲ. ಮನೆಗೆ ಬಂದು, "ನಿಮ್ಮಪ್ಪ ಇದನ್ನ ನೋಡ್ಬೇಕಾಗಿತ್ತು" ಅಂದಳು. ನನಗೂ ಅವತ್ತು ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ?

ಮಗನ ವಾದವೂ ಗಟ್ಟಿಯಾದದ್ದೇ. "ಅಪ್ಪಾ, ಕಾರಲ್ಲಿ ಹೋದ್ರೆ ಯಾರೂ ನಮ್ಮನ್ನ ಇಳಿ ಅನ್ನಲ್ಲ. ಜಾತಿ ಕೇಳೋಕೂ ಮುಂಚೆ ಕಾರ್ ನೋಡ್ತಾರೆ. ತಾತ ಸೈಕಲ್ ತುಳಿದದ್ದು ಗತಿಯಿಲ್ಲದೆ. ನೀನು ತುಳಿಯೋದು ಗತಿಯಿದ್ದೂ. ಎರಡನ್ನೂ ಒಂದೇ ಮಾಡ್ಬೇಡ."

ಹೌದು, ಎರಡೂ ಒಂದೇ ಅಲ್ಲ. ಕಾರು ಕೊಳ್ಳುವ ತ್ರಾಣ ಇರುವವನು ಸೈಕಲ್ ತುಳಿದರೆ ಅದು ಆಯ್ಕೆ. ಇಲ್ಲದವನಿಗೆ ಅದು ಪಾಡು. ನಾನು ಸೈಕಲ್ಲನ್ನು ತ್ಯಾಗದ ಹೆಸರಿನಲ್ಲಿ ಹೊಗಳಿದರೆ, ಬಡತನವನ್ನು ಹೊಗಳಿದ ಹಾಗಾಗುತ್ತದೆ. ಬಡತನವನ್ನು ಹೊಗಳಿ ಹೊಗಳಿಯೇ ನಮ್ಮನ್ನು ಇಷ್ಟು ಕಾಲ ನೆಲದ ಮೇಲೆ ಕೂರಿಸಿದ್ದಾರೆ.

ಆದರೆ ಇನ್ನೊಂದು ಮುಖವೂ ಇದೆ. ಅಂಬೇಡ್ಕರ್ ಅದೇ ಪುಸ್ತಕದಲ್ಲಿ 1929ರ ಒಂದು ಘಟನೆ ಬರೆಯುತ್ತಾರೆ. ಚಾಳಿಸಗಾಂವಿನಲ್ಲಿ ಅವರನ್ನು ಕೂರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಬ್ಯಾರಿಸ್ಟರ್ ಸಾಹೇಬರನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲ ಅಂತ ಕೇರಿಯವರು ಟಾಂಗಾ ಬಾಡಿಗೆ ಹಿಡಿದು, ಹೊಡೆದು ಅಭ್ಯಾಸವೇ ಇಲ್ಲದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ದಾರಿಯಲ್ಲಿ ಗಾಡಿ ಉರುಳಿತು. ಅಂಬೇಡ್ಕರರ ಕಾಲು ಮುರಿಯಿತು. ಮರ್ಯಾದೆ ಉಳಿಸಲು ಹೋಗಿ ಪ್ರಾಣಕ್ಕೇ ಸಂಚಕಾರ ಬಂತು.

ಇದನ್ನು ಓದಿದಾಗಲೆಲ್ಲ ನಮ್ಮ ಕೇರಿಯ ಹುಡುಗರು ಕಣ್ಣಮುಂದೆ ಬರುತ್ತಾರೆ. ಕೂಲಿಗೆ ಹೋಗುವ ಹುಡುಗ ಫೈನಾನ್ಸಿನವರಿಂದ ಸಾಲ ಎತ್ತಿ ಮೋಟಾರ್ ಬೈಕು ತರುತ್ತಾನೆ. ಹಿಂದುಗಡೆ ನೀಲಿ ಅಕ್ಷರದಲ್ಲಿ ಜೈಭೀಮ್ ಬರೆಸುತ್ತಾನೆ. ಎರಡು ಕಂತು ತಪ್ಪಿದರೆ ಫೈನಾನ್ಸಿನವರು ಬಂದು ಜೈಭೀಮನ್ನೂ ಸೇರಿಸಿಯೇ ಎತ್ತಿಕೊಂಡು ಹೋಗುತ್ತಾರೆ. 2021ರಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು. ದಿನಗೂಲಿಯಲ್ಲಿ ಎಷ್ಟು ಪಾಲು ಟ್ಯಾಂಕಿಗೆ, ಎಷ್ಟು ಪಾಲು ಒಲೆಗೆ ಅಂತ ಅವರ ಹೆಂಡಿರನ್ನು ಕೇಳಿ. ಹಿಂದೆ ಜೀತ ಒಡೆಯನ ಮನೆಯಲ್ಲಿತ್ತು. ಈಗ ಅದು ಕಂತಿನ ಪುಸ್ತಕದಲ್ಲಿದೆ.

ಇನ್ನು ರಸ್ತೆಯ ಮಾತು. ಅಪ್ಪ ಜಲ್ಲಿ ಹರಡಿದ ರಸ್ತೆ ಅಗಲವಾಯಿತು. ಸುಮಾರು 118 ಕಿಲೋಮೀಟರು, ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿಯವರು ನಮ್ಮ ಮಂಡ್ಯ ಜಿಲ್ಲೆಗೇ ಬಂದು ಉದ್ಘಾಟನೆ ಮಾಡಿದರು. ನಡುವೆ ಆರು ಪಥ, ಆ ಕಡೆ ಈ ಕಡೆ ಸರ್ವೀಸ್ ರಸ್ತೆ. ಅದೇ ವರ್ಷ ಆಗಸ್ಟ್ 1ರಿಂದ ನಡುವಿನ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು, ಎತ್ತಿನ ಗಾಡಿ ಯಾವುದೂ ಬರಕೂಡದೆಂದು ಹೆದ್ದಾರಿ ಪ್ರಾಧಿಕಾರದ ಆಜ್ಞೆಯಾಯಿತು. ಬೋರ್ಡು ಹಾಕಿದರು. ಬೋರ್ಡಿನಲ್ಲಿ ಸೈಕಲ್ಲಿನ ಚಿತ್ರ, ಅದರ ಮೇಲೆ ಕೆಂಪು ಗೀಟು.

ಮೊದಲ ಸಲ ಆ ಬೋರ್ಡು ನೋಡಿದಾಗ ಸೈಕಲ್ ನಿಲ್ಲಿಸಿ ಸುಮಾರು ಹೊತ್ತು ನಿಂತೆ. ಅರಳಿಕಟ್ಟೆಯೇ ಎದ್ದು ಬಂದು ಇಲ್ಲಿ ನಿಂತಿದೆಯೇನೋ ಅನ್ನಿಸಿತು.

ನ್ಯಾಯವಾಗಿ ಮಾತಾಡಬೇಕು. ಆ ಬೋರ್ಡಿಗೆ ಜಾತಿ ಇಲ್ಲ. ಗಂಟೆಗೆ ನೂರು ಕಿಲೋಮೀಟರು ಓಡುವ ಕಾರಿನ ಮುಂದೆ ಸೈಕಲ್ಲು ಬಂದರೆ ಸಾಯುವವನು ಸೈಕಲ್ಲಿನವನೇ. ನಿಮ್ಮ ಪ್ರಾಣ ಕಾಪಾಡಲೆಂದೇ ಈ ನಿಯಮ ಅನ್ನುತ್ತಾರೆ. ಒಪ್ಪೋಣ. ಆದರೆ ನಾನು ಮೇಷ್ಟ್ರು, ಲೆಕ್ಕ ಕೇಳುವುದು ನನ್ನ ಕಸುಬು. 2011ರ ಜನಗಣತಿ ನೋಡಿ. ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಕಾರಿದ್ದದ್ದು ಐದಕ್ಕಿಂತ ಕಮ್ಮಿ ಮನೆಗಳಲ್ಲಿ. ಆಮೇಲೆ ಕಾರು ಹೆಚ್ಚಿರಬಹುದು. ಆದರೂ ಕೇಳುತ್ತೇನೆ: ಐದು ಮನೆಯವರ ವೇಗಕ್ಕೆ ಆರು ಪಥ ಮಾಡುವಾಗ, ನಲವತ್ತೈದು ಮನೆಯವರ ಪ್ರಾಣ ಉಳಿಯುವಂಥ ಒಂದು ಮಾರು ಅಗಲದ ದಾರಿಯನ್ನು ನಕ್ಷೆಯಲ್ಲಿ ಬರೆಯಲು ಪೆನ್ಸಿಲ್ ಯಾಕೆ ಓಡಲಿಲ್ಲ?

ಸರ್ವೀಸ್ ರಸ್ತೆ ಇದೆಯಲ್ಲ ಅನ್ನಬಹುದು. ಅಲ್ಲಿ ಕಬ್ಬಿನ ಲಾರಿ, ಬಸ್ಸು, ಟ್ರ್ಯಾಕ್ಟರು, ಬೈಕು, ಎದುರಿನಿಂದ ಅಡ್ಡ ನುಗ್ಗುವ ಆಟೋ, ಅದರ ನಡುವೆ ಸೈಕಲ್ಲು. ಆ ಕಡೆಯ ಹೊಲಕ್ಕೋ ಶಾಲೆಗೋ ಹೋಗಬೇಕಾದರೆ ಕೆಳಸೇತುವೆ ಹುಡುಕಿಕೊಂಡು ಹೋಗಬೇಕು. ಮಳೆ ಬಂದರೆ ಅದರಲ್ಲಿ ಮೊಣಕಾಲುದ್ದ ನೀರು. ಮೊದಲು ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದ ಊರು ಈಗ ಸುತ್ತಿ ಬಳಸಿ ಹೋಗುವ ಊರಾಗಿದೆ.

ಒಂದು ಭಾನುವಾರ ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡು ಬಂದ ಐದಾರು ಜನ ಎಳನೀರಿನ ಅಂಗಡಿಯಲ್ಲಿ ಸಿಕ್ಕಿದರು. ಬಿಗಿ ಬಟ್ಟೆ, ತಲೆಗೆ ಹೆಲ್ಮೆಟ್ಟು. ಒಬ್ಬರ ಸೈಕಲ್ಲಿನ ಬೆಲೆ ಕೇಳಿದೆ. ಒಂದೂವರೆ ಲಕ್ಷ ಅಂದರು. ನನ್ನ ಸೈಕಲ್ಲಿನ ಫೋಟೋ ತೆಗೆದುಕೊಂಡು, "ಸಾರ್, ನೀವು ಪರಿಸರಕ್ಕೆ ಎಷ್ಟು ಒಳ್ಳೇದು ಮಾಡ್ತಿದೀರ ಗೊತ್ತಾ?" ಅಂದರು. ನಗು ಬಂತು. ನನ್ನ ಅಪ್ಪ ಹೊಗೆಯಿಲ್ಲದೆ ಇಪ್ಪತ್ತೆರಡು ವರ್ಷ ಸೈಕಲ್ ತುಳಿದ. ಅವನಿಗೆ ಯಾರೂ ಹಾಗೆ ಹೇಳಲಿಲ್ಲ. ಇಳಿ ಅಂದರು, ಅಷ್ಟೆ.

ಆದರೂ ಅವರನ್ನು ಹೀಯಾಳಿಸಲಾರೆ. ಅವರಲ್ಲಿ ಒಬ್ಬ ಹುಡುಗಿ, ಲಾರಿ ಪಕ್ಕದಲ್ಲಿ ಹೋದಾಗಲೆಲ್ಲ ಎದೆ ನಡುಗುತ್ತದೆ ಅಂದಳು. ನನಗೂ ನಡುಗುತ್ತದೆ ಕಣಮ್ಮ ಅಂದೆ. ಆ ಭಯದಲ್ಲಿ ನಾವಿಬ್ಬರೂ ಒಂದೇ ಕೇರಿಯವರು. ವ್ಯತ್ಯಾಸ ಇಷ್ಟೇ. ಸುಸ್ತಾದರೆ ಅವರ ಸೈಕಲ್ಲನ್ನು ಹೊತ್ತುಕೊಂಡು ಹೋಗಲು ಹಿಂದೆ ಒಂದು ಕಾರು ಬರುತ್ತಿತ್ತು.

ಸೈಕಲ್ಲು ಬೇರೆಯವರಿಗೆ ಏನೋ, ನಮಗೆ ಅದು ಕೊನೆಯ ಆಸರೆ. 2020ರ ಲಾಕ್‌ಡೌನಿನಲ್ಲಿ ರೈಲು ಬಸ್ಸು ನಿಂತಾಗ, 15 ವರ್ಷದ ಹುಡುಗಿಯೊಬ್ಬಳು ಗಾಯಗೊಂಡ ಅಪ್ಪನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ಬಿಹಾರದ ದರ್ಭಂಗಾಕ್ಕೆ ಸುಮಾರು 1,200 ಕಿಲೋಮೀಟರು ತುಳಿದಳು. ದೇಶ ಅವಳನ್ನು ಕೊಂಡಾಡಿತು. ಅವಳು ಯಾಕೆ ತುಳಿಯಬೇಕಾಯಿತು ಅಂತ ಕೇಳಿದವರು ಕಡಿಮೆ. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ನಮ್ಮ ಎಷ್ಟೋ ಅಪ್ಪಂದಿರು ತುಳಿದ ಹೆಸರು ಅದು.

ನಾನು ಮೂವತ್ತೇಳು ವರ್ಷ ಸೈಕಲ್ಲಿನಲ್ಲೇ ಶಾಲೆಗೆ ಹೋದೆ. ಸೈಕಲ್ಲಿನಿಂದ ನನಗೆ ಸಿಕ್ಕಿದ ದೊಡ್ಡ ಲಾಭ ಅಂದರೆ ಮಕ್ಕಳು. ಯಾವ ಹುಡುಗಿ ಶಾಲೆ ಬಿಟ್ಟು ಸೌದೆ ಹೊರುತ್ತಿದ್ದಾಳೆ, ಯಾವ ಹುಡುಗ ಯಾರ ದನದ ಹಿಂದೆ ಇದ್ದಾನೆ, ಎಲ್ಲ ದಾರಿಯಲ್ಲೇ ಕಣ್ಣಿಗೆ ಬೀಳುತ್ತಿತ್ತು. ಕಾಲು ಕೆಳಗೆ ಊರಿ ನಿಂತು, "ಯಾಕವ್ವ ಬರ್ಲಿಲ್ಲ?" ಅಂತ ಕೇಳಬಹುದಿತ್ತು. ಗಾಜು ಏರಿಸಿದ ಕಾರಿನಲ್ಲಿ ಬಂದಿದ್ದರೆ ನನಗೆ ಅವರು ಕಾಣುತ್ತಿರಲಿಲ್ಲ. ಅವರಿಗೆ ನನ್ನ ಹತ್ತಿರ ಮಾತಾಡುವ ಧೈರ್ಯವೂ ಬರುತ್ತಿರಲಿಲ್ಲ. ಮೇಷ್ಟ್ರಾದ ಗೆಳೆಯರಿಗೆ ಇದನ್ನು ಒತ್ತಿ ಹೇಳುತ್ತೇನೆ.

2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆಮೇಲೆ ಗಂಡುಮಕ್ಕಳಿಗೂ ಬಂತು. ಕೇರಿಯ ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವುದನ್ನು ನೋಡಿದಾಗ, ನಮ್ಮ ಎಷ್ಟೋ ಭಾಷಣ ಮಾಡಲಾಗದ್ದನ್ನು ಎರಡು ಚಕ್ರ ಮಾಡಿದವು ಅನ್ನಿಸಿತ್ತು. 2020ರಲ್ಲಿ ಕೊರೊನಾ ಬಂತು. ಮತ್ತೆ ಶಾಲೆಯ ಬಾಗಿಲು ತೆರೆದಾಗ ಸೈಕಲ್ಲು ಬರಲಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು, ಒಳ್ಳೆಯದಾಯಿತು. ಆದರೆ ಆ ಬಸ್ಸು ನಮ್ಮ ಕೇರಿಯ ತನಕ ಬರುವುದಿಲ್ಲ. ಎಂಟನೇ ಕ್ಲಾಸಿಗೆ ಸೇರಿದ್ದ ಪಕ್ಕದ ಮನೆಯ ಹುಡುಗಿ, ನೀರು ನಿಂತ ಕೆಳಸೇತುವೆ ದಾಟಲು ಹೆದರಿ ಶಾಲೆ ಬಿಟ್ಟು ಕೂತಳು. "ಇನ್ನೇನು, ಎರಡು ವರ್ಷಕ್ಕೆ ಮದುವೆ ಮಾಡಿದ್ರಾಯ್ತು" ಅಂತ ಅವರ ಅಜ್ಜಿ ಅಂದಳು.

ಅವತ್ತು ನಾನು ಕೇರಿಯ ಮನೆಮನೆ ಹುಡುಕಿದೆ. ಹುಲ್ಲಿನ ಮೆದೆಯ ಹಿಂದೆ, ಕೊಟ್ಟಿಗೆಯ ಅಟ್ಟದಲ್ಲಿ, ತುಕ್ಕು ಹಿಡಿದ ಹನ್ನೊಂದು ಸರ್ಕಾರಿ ಸೈಕಲ್ಲು ಸಿಕ್ಕವು. ಮೋಟಾರ್ ಬೈಕು ಬಂದ ಮೇಲೆ ಬಿಸಾಕಿದ್ದವು. ಮದ್ದೂರಿನ ಸೈಕಲ್ ಷಾಪಿನ ಸಾಬರು, ನನಗಿಂತ ಹಿರಿಯರು, "ಮೇಷ್ಟ್ರೆ, ಕೂಲಿ ಬ್ಯಾಡ, ಸಾಮಾನಿನ ದುಡ್ಡು ಕೊಡಿ" ಅಂದರು. ಟೈರು, ಟ್ಯೂಬು, ಬ್ರೇಕಿನ ಕಟ್ಟೆಗೆ ನನ್ನ ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧ ಹೋಯಿತು. ಹನ್ನೊಂದರಲ್ಲಿ ಏಳು ಎದ್ದು ನಿಂತವು. ಸಂಜೆ ಹೊತ್ತು ಅಂಬೇಡ್ಕರ್ ಭವನದ ಮುಂದಿನ ಬಯಲಿನಲ್ಲಿ ಹುಡುಗಿಯರಿಗೆ ತುಳಿಯಲು ಕಲಿಸಿದೆ. ಬಿದ್ದರು, ಮಂಡಿ ತರಚಿಕೊಂಡರು, ನಕ್ಕರು.

ಸೈಕಲ್ಲು ಪ್ರತಿ ವರ್ಷ ತಪ್ಪದೇ ಮಕ್ಕಳ ಕೈಗೆ ಬರಬೇಕು. ಹೊಸದಾಗಿ ಮಾಡುವ ಪ್ರತಿ ರಸ್ತೆಯ ಪಕ್ಕ ಸೈಕಲ್ಲಿಗೂ ನಡೆಯುವವರಿಗೂ ಕಲ್ಲು ನೆಟ್ಟು ಬೇರೆ ಮಾಡಿದ ದಾರಿ ಇರಬೇಕು. ಕೆಳಸೇತುವೆಯ ನೀರು ಹೋಗಬೇಕು. ಇದನ್ನು ಬರೆದು ಸಹಿ ಮಾಡಿಸಿ ತಾಲ್ಲೂಕು ಕಚೇರಿಗೆ ಕೊಟ್ಟಿದ್ದೇವೆ. ಉತ್ತರ ಬರುವವರೆಗೆ ಸುಮ್ಮನಿರುವುದಿಲ್ಲ. ಕಾರಿದ್ದವರೂ ಸಹಿ ಹಾಕಿದ್ದಾರೆ. ಮೊದಲ ಸಹಿ ನನ್ನ ಮಗನದೇ.

ಜೂನಿನಲ್ಲಿ ಶಾಲೆ ಶುರುವಾದ ದಿನ ಏಳೂ ಸೈಕಲ್ಲು ಕೇರಿಯಿಂದ ಹೊರಟವು. ನಾನು ಹಿಂದೆ. ಶಾಲೆ ಬಿಟ್ಟಿದ್ದ ಹುಡುಗಿ ಎಲ್ಲರಿಗಿಂತ ಮುಂದೆ. ಊರ ಬೀದಿಗೆ ಬಂದೆವು. ಅರಳಿಕಟ್ಟೆಯ ತಿರುವಿನಲ್ಲಿ ಅವಳು ತಟಕ್ಕನೆ ಇಳಿದುಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. ಜಗಲಿ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ಯಾಕವ್ವ, ಯಾಕೆ ಇಳಿದೆ?"

"ಚೈನ್ ಬಿತ್ತು ಸಾ."

ಕುಕ್ಕರುಗಾಲಲ್ಲಿ ಕೂತು, ಪೆಡಲು ಹಿಂದಕ್ಕೆ ತಿರುಗಿಸಿ ಚೈನು ಕೂರಿಸಿದಳು. ಮಸಿಯಾದ ಕೈಯನ್ನು ಅರಳಿ ಎಲೆಗೆ ಒರೆಸಿಕೊಂಡಳು. ಹತ್ತಿ ಹೋದಳು.